ಸವಾಲು ಕೂಗದ ದಿನ

ಮದ್ದೂರಿಂದ ಮಳವಳ್ಳಿ ರಸ್ತೆಗೆ ತಿರುಗಿ ಸ್ವಲ್ಪ ದೂರ ಹೋದರೆ ತಗಡಿನ ಬೇಲಿ ಹಾಕಿದ ಒಂದು ಯಾರ್ಡು ಸಿಗುತ್ತದೆ. ಫೈನಾನ್ಸಿನವರು ಎಳೆದುಕೊಂಡು ಬಂದ ಟ್ರ್ಯಾಕ್ಟರು, ಟಿಲ್ಲರುಗಳನ್ನು ತಿಂಗಳಿಗೊಮ್ಮೆ ಅಲ್ಲಿ ಹರಾಜು ಹಾಕುತ್ತಾರೆ. ಹರಾಜು ಅಂತ ಬೋರ್ಡಿದೆ, ಅಷ್ಟೆ. ನಿಜವಾದ ಹರಾಜು ನಡೆಯುವುದು ಆಮೇಲೆ, ಎದುರಿನ ಟೀ ಅಂಗಡಿಯ ಹಿಂದೆ. ನಾವು ಆರು ಜನ ಒಬ್ಬರ ಮೇಲೊಬ್ಬರು ಕೂಗುವುದಿಲ್ಲ. ಒಬ್ಬ ಕಡಿಮೆಗೆ ಹಿಡಿಯುತ್ತಾನೆ. ಅದನ್ನೇ ನಮ್ಮೊಳಗೆ ಮತ್ತೆ ಕೂಗಿ, ಹೆಚ್ಚಿಗೆ ಬಂದದ್ದನ್ನು ಹಂಚಿಕೊಳ್ಳುತ್ತೇವೆ. ಬಾಯಿ ಮುಚ್ಚಿಕೊಂಡಿದ್ದಕ್ಕೆ ಸಿಗುವ ಕೂಲಿ ಅದು.

ಹೊರಗಿನ ರೈತ ಯಾರಾದರೂ ಧೈರ್ಯ ಮಾಡಿ ಕೂಗಿದರೆ, ಅವನ ಮೇಲೆ ಸವಾಲು ಏರಿಸುತ್ತಾ ಹೋಗಿ ಕೈ ಸುಟ್ಟುಕೊಳ್ಳುವ ಹಾಗೆ ಮಾಡಿ ಕಳಿಸುತ್ತೇವೆ. ಇನ್ನೊಂದು ಸಲ ಈ ಕಡೆ ತಲೆ ಹಾಕಬಾರದಲ್ಲ! ಏರಿಸುವ ಕೆಲಸ ನನ್ನೊಬ್ಬನದು. ನಡುವೆ ಇನ್ನೊಬ್ಬ ಬಾಯಿ ಹಾಕುವಂತಿಲ್ಲ, ಅದು ನಮ್ಮ ಕಟ್ಟುಪಾಡು. ಕಳ್ಳರಿಗೂ ಒಂದು ಶಿಸ್ತು ಬೇಕು ನೋಡಿ.

ನಾನು ಕೆರಗೋಡಿನ ಚಲುವರಾಜು, ಟ್ರ್ಯಾಕ್ಟರ್ ಮೆಕ್ಯಾನಿಕ್ಕು. ಇದನ್ನೆಲ್ಲ ಹೇಳಲು ನಾಚಿಕೆ ಆಗಬೇಕಿತ್ತು. ಅದು ಆಗುವುದು ನಿಂತು ಬಹಳ ದಿನ ಆಯಿತು. ಸಿದ್ದರಾಮು ನೆನಪಾದಾಗ ಮಾತ್ರ ಅರ್ಧ ಊಟಕ್ಕೇ ಎದ್ದುಬಿಡುತ್ತೇನೆ.

ದುದ್ದದ ಸಿದ್ದರಾಮು ನನ್ನ ಗೆಳೆಯ. ನನ್ನ ಲಡಕಾಸಿ ಮೊಪೆಡ್ಡಿನಲ್ಲಿ ಇಬ್ಬರೂ ಊರೂರು ಸುತ್ತಿ ಹಳೇ ಗಾಡಿ ನೋಡುತ್ತಿದ್ದೆವು. ನಾನು ಬಾನೆಟ್ಟಿಗೆ ಕಿವಿ ಕೊಟ್ಟು ನಿಂತರೆ ಅವನು ಗಾಡಿಯನ್ನು ನೋಡುತ್ತಲೇ ಇರಲಿಲ್ಲ, ನನ್ನ ಮುಖ ನೋಡುತ್ತಿದ್ದ. "ನಿನ್ ಮೊಕ ನೋಡುದ್ರೆ ಸಾಕು ಕಣ್ಲಾ, ಇಂಜಿನ್ನು ಎಂಗದೆ ಅಂತ ಗೊತ್ತಾಯ್ತದೆ" ಅನ್ನುತ್ತಿದ್ದ.

ಆರು ವರ್ಷದ ಹಿಂದೆ ಅವನು ಇದೇ ಯಾರ್ಡಿನಲ್ಲಿ ಮೊದಲ ಟ್ರ್ಯಾಕ್ಟರು ತಗೊಂಡ. ಅದು ಫೈನಾನ್ಸಿನವರದ್ದಲ್ಲ. ನಮ್ಮ ಗುಂಪಿನ ಯಜಮಾನ ಹೊನ್ನಯ್ಯ ತನ್ನ ಕೆಟ್ಟ ಗಾಡಿಯನ್ನು ಅಲ್ಲಿ ಸೇರಿಸಿ ನಿಲ್ಲಿಸಿದ್ದ. ಹೊಗೆ ಕಾಣದಿರಲಿ ಅಂತ ಇಂಜಿನ್ನಿಗೆ ಗಟ್ಟಿ ಆಯಿಲ್ ಸುರಿದಿದ್ದ. ಸುಮ್ಮನಿರು ಅಂತ ನನಗೆ ಎರಡು ಸಾವಿರ ಕೊಟ್ಟಿದ್ದ. ಸಿದ್ದರಾಮು ಎಂದಿನಂತೆ ನನ್ನ ಮುಖ ನೋಡಿದ. ನಾನು ನಗುತ್ತಾ ನಿಂತೆ.

ನಾಟಿಯ ಹೊತ್ತಿಗೆ ಕೆಸರುಗದ್ದೆಯ ನಡುವೆ ಇಂಜಿನ್ನು ಸತ್ತಿತು. ನಾನು ದುಡ್ಡು ಇಸ್ಕೊಂಡು ಸುಮ್ಮನಿದ್ದದ್ದೂ ಅವನ ಕಿವಿಗೆ ಬಿತ್ತು. ಅವನು ಜಗಳಕ್ಕೂ ಬರಲಿಲ್ಲ, ಮಾತು ಬಿಟ್ಟ. ಬೈದಿದ್ದರೆ ತಿರುಗಿ ಬೈದು ಸಂಜೆಗೆ ರಾಜಿಯಾಗುತ್ತಿದ್ದೆವು. ಅಲ್ಲಿಂದ ಇಲ್ಲಿತನಕ ಯಾವ ಇಂಜಿನ್ನಿಗೆ ಕಿವಿ ಕೊಟ್ಟರೂ ನನ್ನ ಕತ್ತು ತಾನಾಗಿ ಪಕ್ಕಕ್ಕೆ ತಿರುಗುತ್ತದೆ. ಪಕ್ಕದಲ್ಲಿ ಯಾರೂ ಇರುವುದಿಲ್ಲ. ಹೆಂಡತಿ ಮಕ್ಕಳು ಎಲ್ಲ ಇದ್ದಾರೆ, ಆದರೂ ಆ ಒಬ್ಬನಿಲ್ಲದೆ ದಿನ ಸಪ್ಪೆ. ಒಂದು ಸಲ ಮಾತಾಡಿಸಿದರೆ ಸಾಕು ಅನ್ನಿಸುತ್ತದೆ.

ಹೋದ ತಿಂಗಳ ಹರಾಜಿಗೆ ಅವನು ಬಂದ. ಕೂದಲು ನೆರೆತಿತ್ತು. ಒಂದು ನೀಲಿ ಟ್ರ್ಯಾಕ್ಟರನ್ನು ಸ್ಟಾರ್ಟ್ ಮಾಡಿಸಿ, ಬಾನೆಟ್ಟಿಗೆ ತಾನೇ ಕಿವಿ ಕೊಟ್ಟ. ನಾನು ಎದುರಿಗೇ ನಿಂತಿದ್ದೆ. ಚಿನ್ನದಂಥ ಇಂಜಿನ್ನು. ತಲೆ ಎತ್ತಿದ್ದರೆ ನನ್ನ ಮುಖದಲ್ಲೇ ಅವನಿಗೆ ಗೊತ್ತಾಗುತ್ತಿತ್ತು. ಎತ್ತಲಿಲ್ಲ.

ಹೊನ್ನಯ್ಯ ನನ್ನ ಪಕ್ಕೆ ತಿವಿದ. "ದುದ್ದದವ್ನು ಆಸೆ ಬಿದ್ದವ್ನೆ. ನಾಕ್ ಲಕ್ಸದ ಗಂಟ ಏರ್ಸಿ ಬುಟ್ಬುಡು."

ಸವಾಲು ಎರಡೂವರೆ ಲಕ್ಷದಿಂದ ಶುರುವಾಯಿತು. ಸಿದ್ದರಾಮು ಎರಡು ಎಂಬತ್ತು ಅಂದ. ಹರಾಜು ಕೂಗುವವನು ನನ್ನ ಕಡೆ ನೋಡಿದ.

"ಎರಡು ಎಂಬತ್ತು, ಒಂದನೇ ಸಲ."

ಹೊನ್ನಯ್ಯ ಕೆಮ್ಮಿದ.

"ಎರಡನೇ ಸಲ."

ಹೊನ್ನಯ್ಯ ನನ್ನ ಕಾಲು ತುಳಿದ. ನಾನು ಕೈ ಕಟ್ಟಿಕೊಂಡು ಸಿದ್ದರಾಮುವಿನ ನೆರೆತ ತಲೆಯನ್ನೇ ನೋಡುತ್ತಾ ನಿಂತೆ. ಮೂರನೇ ಸಲವೂ ಆಯಿತು. ಗಾಡಿ ಅವನದಾಯಿತು.

"ಇನ್ಮ್ಯಾಕೆ ನಿಂಗೂ ನಮ್ಗೂ ಮುಗೀತು ಕಣ್ಲಾ" ಅಂತ ಹೊನ್ನಯ್ಯ ಕಿವಿಯಲ್ಲಿ ಹೇಳಿ ಟೀ ಅಂಗಡಿ ಕಡೆ ನಡೆದ. ಹೋಗಲಿ ಬಿಡು ಅನ್ನಿಸಿತು. ಅತ್ತ ದುಡ್ಡು ಕಟ್ಟುತ್ತಿದ್ದ ಸಿದ್ದರಾಮುವಿನ ಮೇಲೇ ನನ್ನ ಜೀವವೆಲ್ಲ ಇತ್ತು.

ಅವನು ರಸೀತಿ ಮಡಿಸಿ ಜೇಬಿಗಿಟ್ಟುಕೊಂಡು ನೆಟ್ಟಗೆ ನನ್ನ ಹತ್ತಿರವೇ ಬಂದ. ನನ್ನ ಮುಖ ನೋಡಿದ.

"ಲೇ ಚಲ್ವ."

ಅಷ್ಟಕ್ಕೇ ನನ್ನ ಕಣ್ಣು ತುಂಬಿತು.

"ಈ ಸಲ ಸುಮ್ಕಿರಕ್ಕೆ ಏಟು ದುಡ್ಡು ಇಸ್ಕಂಡೆ? ಯೋಳ್ಬುಡು. ಇಂಜಿನ್ನು ಓಗ್ಬುಟ್ಟದಾ?"

"ಒಂದ್ ರೂಪಾಯ್ನೂ ಇಲ್ಲ ಕಣ್ಲಾ. ಒಳ್ಳೇ ಗಾಡಿ. ನಿನ್ನಾಣೆಗೂ ಒಳ್ಳೇ ಗಾಡಿ."

ಅವನ ಮುಖ ಬಾಡಿತು. ಅಲ್ಲಿಯವರೆಗೆ ಅವನಿಗೆ ಬರೀ ಅನುಮಾನವಿತ್ತು, ನನ್ನ ಮಾತು ಕೇಳಿ ಗಾಡಿ ಕೆಟ್ಟದ್ದೇ ಅಂತ ಖಾತ್ರಿಯಾಯಿತು.

"ನೀನೇ ಒಳ್ಳೇದು ಅಂದ್ಯಾ?" ಅಂದ. "ಅಂಗಾರೆ ಯಾರಾದ್ರೂ ಮೆಕ್ಯಾನಿಕ್ಕಿಗೆ ತೋರ್ಸೇ ಓಡುಸ್ಬೇಕು."

ಹಾಗಂದು ಮೆಕ್ಯಾನಿಕ್ಕನ್ನು ಹುಡುಕಿಕೊಂಡು ಗೇಟು ದಾಟಿ ಹೋದ. ನಾನು ಅಲ್ಲೇ ನಿಂತಿದ್ದೆ.