ಹುಬ್ಬಿನ ಗಂಟು

ಮಂಜವ್ವ ಗಂಡನ ಹುಬ್ಬುಗಳ ನಡುವೆ ಹೆಬ್ಬೆರಳಿಟ್ಟು ತಿಕ್ಕುತ್ತಲೇ ಇದ್ದಳು. ಕೊರ್ಲಹಳ್ಳಿಯ ಮನೆಯ ಕಟ್ಟೆಯ ಮೇಲೆ ಗೋಡೆಗೆ ಒರಗಿಸಿ ಕೂರಿಸಿದ್ದ ಹೊಳೆಯಪ್ಪನ ಹೆಣ, ಹಣೆತುಂಬ ವಿಭೂತಿ ಬಳಿದಿದ್ದರೂ, ಯಾರನ್ನೋ ಗುರಾಯಿಸುತ್ತಿರುವಂತೆ ಕಾಣುತ್ತಿತ್ತು.

"ಬಿಡ ಮಂಜಕ್ಕ, ಅದು ಹೋಗೂದಲ್ಲ," ಎಂದ ಮಕ್ತುಮಸಾಬ. ಅವನೂ ಹೊಳೆಯಪ್ಪನೂ ಒಂದೇ ತೆಪ್ಪದಲ್ಲಿ ಮೀನು ಹಿಡಿದು ಮುದುಕರಾದವರು. "ಸುಳ್ಳ ಹೇಳೂಮುಂದ ಹುಬ್ಬು ಗಂಟ ಹಾಕಾಂವ. ಹೊಳ್ಯಾಗ ಮೊಸಳಿ ತಂಬಾಕ ಕೇಳ್ತು ಅಂದಾಗ್ನೂ ಹಿಂಗ ಇತ್ತು ಮಾರಿ."

"ಕೊಟ್ಟನಂತೇನು?" ಅಳುತ್ತಿದ್ದ ನೆರೆಮನೆಯ ನೀಲಗಂಗವ್ವ ಮೂಗು ಒರೆಸಿಕೊಂಡು ಕೇಳಿದಳು.

"ಕೊಟ್ಟನಂತ. ಸುಣ್ಣ ಕಡಿಮಿ ಆತಂತ ಸಿಟ್ಟಾಗಿ ಹೋತಂತ."

ಅಂಗಳವೆಲ್ಲ ನಕ್ಕಿತು. ಮಂಜವ್ವನ ಬೆರಳು ಮಾತ್ರ ಇದ್ದಲ್ಲೇ ನಿಂತಿತು.

*

ಹಿಂದಿನ ದಿನ ಗದಗಿನ ಆಸ್ಪತ್ರೆಯಲ್ಲಿ ಹೊಳೆಯಪ್ಪನ ಗಂಟಲಿಗೆ ನಳಿಗೆ ಇಳಿಸಿದ್ದರು. ಉಸಿರೆಲ್ಲ ಯಂತ್ರದ್ದು. ಮಾತಿನಲ್ಲೇ ತುಂಗಭದ್ರೆಯನ್ನು ಹಿಂದಕ್ಕೆ ಹರಿಸಿದವನ ಬಾಯಿ ಕಟ್ಟಿದ್ದು ಜಗತ್ತಿನಲ್ಲಿ ಅದೊಂದೇ ಯಂತ್ರ. ಹುಬ್ಬು ಮಾತ್ರ ಬಿಗಿದಿತ್ತು.

"ನೋವು ಐತ್ರಿ," ಎಂದಳು ನರ್ಸ್ ಮಮತಾ. "ಬಾಯಿಲೆ ಹೇಳಾಕ ಬರದವರದ್ದು ಮಾರಿ ನೋಡೇ ತಿಳ್ಕೋಬೇಕು. ಔಷಧ ಹೆಚ್ಚು ಮಾಡಾಕ ಡಾಕ್ಟರನ್ನ ಕೇಳ್ತೀನಿ."

"ಬ್ಯಾಡ ತಂಗಿ." ಮಂಜವ್ವ ಅವಳ ಕೈ ಹಿಡಿದಳು. "ಅಂವಗ ಯಾವ ನೋವೂ ಇಲ್ಲ. ಒಳಗ ಕತಿ ಕಟ್ಟಾಕ ಹತ್ಯಾನ. ಆ ಮಾರಿ ನನಗ ಗೊತ್ತಿಲ್ಲೇನು? ನಿದ್ದಿ ಬರಿಸಿದ್ರ ಮತ್ತ ಏಳೂದಿಲ್ಲ."

"ಅವ್ವಾರ, ಇದು ನಿದ್ದಿಗಲ್ರಿ, ನೋವಿಗೆ."

ಅಷ್ಟರಲ್ಲಿ ಭೇಟಿಯ ಹೊತ್ತು ಮುಗಿಯಿತೆಂದು ಮಂಜವ್ವನನ್ನು ಹೊರಗೆ ಕಳಿಸಿದರು. ಬೆಳಗಾಗುವುದರೊಳಗೆ ಹೊಳೆಯಪ್ಪ ಹೋಗಿದ್ದ. ಔಷಧ ಕೊಟ್ಟರೋ, ತನ್ನ ಮಾತು ಕೇಳಿ ಬಿಟ್ಟರೋ, ಕೇಳುವ ಧೈರ್ಯ ಅವಳಿಗೆ ಬಂದಿರಲಿಲ್ಲ.

*

ಮಮತಾ ಅಲ್ಲೇ ಹತ್ತಿರದ ಮುಂಡರಗಿಯವಳು. ಡ್ಯೂಟಿ ಮುಗಿಸಿದವಳು ಮನೆಗೆ ಹೋಗದೆ ನೆಟ್ಟಗೆ ಕೊರ್ಲಹಳ್ಳಿಗೇ ಬಂದಳು. ಹಾರ ಹಾಕಿ ಹಿಂದೆ ಸರಿಯುವಷ್ಟರಲ್ಲಿ ಮಂಜವ್ವ ಅವಳ ಮುಂಗೈ ಹಿಡಿದಳು.

"ಖರೆ ಹೇಳ ತಂಗಿ. ಕೊಟ್ರೇನು?"

"ಕೊಟ್ವಿರಿ."

"ಹುಬ್ಬು?"

ಮಮತಾ ಸುತ್ತ ನೋಡಿದಳು. ಅಂಗಳದ ಭಜನೆಯವರೂ ತಾಳ ನಿಲ್ಲಿಸಿ ಇತ್ತಲೇ ಕಿವಿಗೊಟ್ಟಿದ್ದರು.

"ಸ್ವಲ್ಪ ಹೊತ್ತಿನ್ಯಾಗ ಸಡ್ಲಾತ್ರಿ."

"ಅಂದ್ರ ನೋವು ಇತ್ತು."

"ಇತ್ರಿ. ಹೋತು."

"ಮತ್ತ ಇದು?" ಮಂಜವ್ವ ಹೆಣದ ಹಣೆ ತೋರಿಸಿದಳು.

ಮಮತಾ ಬಗ್ಗಿ, ಮಂಚದ ಮೇಲಿನ ರೋಗಿಯನ್ನು ನೋಡುವಂತೆಯೇ ನೋಡಿದಳು. "ಇದು ಬರೇ ಗೆರಿ ಅವ್ವಾರ. ಹಳೇದು. ಗಂಟ ಇಲ್ಲ."

"ಮೊಸಳಿದು," ಎಂದ ಮಕ್ತುಮಸಾಬ. ಈ ಸಲ ಯಾರೂ ನಗಲಿಲ್ಲ.

ಟ್ರ್ಯಾಕ್ಟರ್ ಬಂತು. ದಾರಿಯಲ್ಲಿ ಹೆಣ ವಾಲಬಾರದೆಂದು ಟ್ರ್ಯಾಕ್ಟರಿನ ದೇವಪ್ಪ ಹಗ್ಗ ತಂದ.

"ಕಟ್ಟಬ್ಯಾಡ," ಎಂದಳು ಮಂಜವ್ವ. ಹಿರಿಯರು ಏನೇನೋ ಅಂದರು. ಅವಳು ಕೇಳಿಸಿಕೊಳ್ಳದೆ ಟ್ರೇಲರ್ ಹತ್ತಿ ಕೂತು, ಗಂಡನನ್ನು ಎದೆಗೆ ಒರಗಿಸಿಕೊಂಡಳು. ಹೊಳೆದಂಡೆಯ ಸ್ಮಶಾನದ ದಾರಿ ಬರೀ ತಗ್ಗು. ಮೊದಲನೆಯದಕ್ಕೇ ಗಾಲಿ ಇಳಿದು ಇಬ್ಬರೂ ಅಲುಗಿದರು.

"ಸಾವಕಾಶ ಹೊಡಿಯೋ ದೇವಪ್ಪ," ಎಂದಳು, ಎರಡೂ ಅಂಗೈಗಳಲ್ಲಿ ಅವನ ಕುತ್ತಿಗೆ ಕುಲುಕದಂತೆ ಹಿಡಿದುಕೊಂಡು.