ಕಂಡದ್ದು, ಕೇಳಿದ್ದು, ನಂಬಿದ್ದು

ಮೇಷ್ಟ್ರು ಆ ನೋಟ್‌ಬುಕ್ಕನ್ನು ಮೂರನೆಯ ಸಲ ತೆರೆದು ಮೂರನೆಯ ಸಲ ಮುಚ್ಚಿದರು. ಕುರ್ಚಿಯಲ್ಲಿ ಕೂರಲಾಗಲಿಲ್ಲ. ಎದ್ದು ಹೋಗಿ ಕಿಟಕಿ ಮುಚ್ಚಿದರು. ಸೆಕೆಯೆನಿಸಿ ಮತ್ತೆ ತೆರೆದರು.

"ಸರ್, ಬೋರ್ಡು ಒರೆಸ್ಲಾ?"

"ಒರೆಸು. ಅಲ್ಲ, ಬೇಡ, ಬಿಡು."

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು.

ಇಪ್ಪತ್ತಾರು ವರ್ಷಗಳಿಂದ ಅವರು ಏಳನೆಯ ತರಗತಿಗೆ ಎರಡನೆಯ ಪಿರಿಯಡ್ಡಿನಲ್ಲಿ ಚರಿತ್ರೆಯನ್ನೂ ಮೂರನೆಯದರಲ್ಲಿ ಧರ್ಮಬೋಧನೆಯನ್ನೂ ಇದೇ ಕೋಣೆಯಲ್ಲಿ, ಶಿಲುಬೆಯ ಕೆಳಗಿನ ಇದೇ ಬೋರ್ಡಿನ ಮೇಲೆ ಕಲಿಸುತ್ತಿದ್ದರು. ಚರಿತ್ರೆಗೆ ಅವರದೊಂದು ಕ್ರಮವಿತ್ತು. ಯಾವ ಸಂಗತಿಯನ್ನೇ ಬರೆಯಲಿ, ಪುಟಕ್ಕೆ ಎರಡು ಗೆರೆ ಎಳೆದು ಮೂರು ಕಾಲಂ ಮಾಡಬೇಕು: ಕಂಡದ್ದು, ಕೇಳಿದ್ದು, ನಂಬಿದ್ದು. ಕೇಳಿದ್ದಕ್ಕೆ ಸಾಕ್ಷಿ ಯಾರೆಂದು ಬರೆಯಲೇಬೇಕು. "ಮೂರನೇ ಕಾಲಂ ಮುಂದಿನ ಪಿರಿಯಡ್ಡಿಗೆ ಕಣ್ರೋ" ಎಂದು ಮಕ್ಕಳು ನಗುತ್ತಿದ್ದರು. ಅವರು ಮೇಷ್ಟ್ರಿಗೆ ಇಟ್ಟ ಹೆಸರು ಸಾಕ್ಷಿ ಸರ್.

ಪ್ರತಿವರ್ಷದಂತೆ ಈ ಸಲವೂ, ತೀರಿಹೋದ ಒಬ್ಬರ ಚರಿತ್ರೆ ಬರೆಯಲು ಹೇಳಿದ್ದರು. ಎಲ್ಲರೂ ಅಜ್ಜ ಅಜ್ಜಿಯರನ್ನು ಬರೆದು ತಂದರು. ಪತ್ತೇದಾರಿ ಎಂದು ಹೆಸರಾದ ಹುಡುಗಿ ಮಾತ್ರ ತನಗೆ ಮೂರನೆಯ ತರಗತಿಯಲ್ಲಿ ಕಲಿಸಿದ ಸಣ್ಣ ಟೀಚರ್ ಬಗ್ಗೆ ಬರೆದಿದ್ದಳು. ಸಣ್ಣ ಟೀಚರ್ ಮೇಷ್ಟ್ರ ಹೆಂಡತಿ. ತೀರಿಕೊಂಡು ನಾಲ್ಕು ತಿಂಗಳಾಗಿತ್ತು.

'ಕಂಡದ್ದು: ಟೀಚರ್ ಸೀಮೆಸುಣ್ಣವನ್ನು ತುರುಬಿಗೆ ಸಿಕ್ಕಿಸಿಕೊಂಡು ಆಮೇಲೆ ಕೋಣೆಯೆಲ್ಲ ಹುಡುಕುತ್ತಿದ್ದರು. ಆ ಗುರುವಾರ ಮೂರನೆಯ ಪಿರಿಯಡ್ಡಿನಲ್ಲಿ ಜವಾನ ಬಂದು, ಆಸ್ಪತ್ರೆಯಿಂದ ಫೋನು ಅಂದ. ಸರ್ ಕೈ ತೋರಿಸಿ ನಿಲ್ಲಿಸಿದರು. ಹನ್ನೊಂದೂವರೆಗೆ ಗಂಟೆ ಹೊಡೆದ ಮೇಲೆ ಹೋದರು.

'ಕೇಳಿದ್ದು: ಆ ಗುರುವಾರ ಹನ್ನೊಂದೂಕಾಲಿಗೆ ಟೀಚರ್ ಸರ್ ಕೈ ಹಿಡಿದುಕೊಂಡು, ಜಪ ಹೇಳುತ್ತಾ ಪ್ರಾಣ ಬಿಟ್ಟರು. ಸಾಕ್ಷಿ: ಟೀಚರ್ ಆತ್ಮಶಾಂತಿಗೆ ಚರ್ಚಿನಲ್ಲಿ ನಡೆದ ಪೂಜೆಯ ದಿನ ಹಂಚಿದ ನೆನಪಿನ ಕಾರ್ಡು.'

ಕೆಳಗೆ ಪೆನ್ಸಿಲಿನಲ್ಲಿ ಸಣ್ಣಗೆ: 'ಸರ್, ಎರಡೂ ಹೇಗೆ?' ಮೂರನೆಯ ಕಾಲಂ ಖಾಲಿಯಿತ್ತು.

ಹೇಗೆ ಹೋದಳು ಎಂದು ಫಾದರ್ ಕೇಳಿದಾಗ ಮೇಷ್ಟ್ರ ನಾಲಿಗೆ ತಾನಾಗಿ ಹಾಗೆ ಹೇಳಿಬಿಟ್ಟಿತ್ತು. ಅದೇ ಕಾರ್ಡಿನಲ್ಲಿ ಅಚ್ಚಾಯಿತು. ನಾದಿನಿ ಅದನ್ನು ದಿನವೂ ಓದಿ ಕಣ್ಣಿಗೊತ್ತಿಕೊಳ್ಳುತ್ತಿದ್ದಳು. ಅಂದು ಬೆಳಿಗ್ಗೆ ಆಸ್ಪತ್ರೆಯ ಹಾಸಿಗೆಯಿಂದ ಹೆಂಡತಿ ಹೇಳಿದ್ದು ಇಷ್ಟೇ: "ಹೋಗ್ಬನ್ನಿ, ಮಕ್ಕಳು ಕಾಯ್ತಿರ್ತಾರೆ."

"ಬಾರಮ್ಮ ಇಲ್ಲಿ."

ಹುಡುಗಿ ಅಡಿಪಟ್ಟಿ ಹಿಡಿದುಕೊಂಡೇ ಬಂದಳು.

"ಯಾರಿಗಾದ್ರೂ ತೋರಿಸಿದ್ಯಾ?"

"ಇಲ್ಲ ಸರ್. ತಪ್ಪಾಯ್ತಾ? ಬೇಕಾದ್ರೆ ಹಾಳೆ ಹರಿದುಬಿಡ್ತೀನಿ. ನಮ್ಮಜ್ಜಿ ಬಗ್ಗೆ ಬರೀತೀನಿ. ಅಜ್ಜಿದು ಸಲೀಸು, ಬರೀ ಬೈಗುಳ, ಎಲ್ಲಾ ನಾನೇ ಕಂಡಿದ್ದು."

ಮೇಷ್ಟ್ರ ಬೆರಳು ಹಾಳೆಯ ಮೂಲೆಯನ್ನು ಹಿಡಿದಿತ್ತು. ಮಡಚಿತು. ಬಿಡಿಸಿತು. ಮತ್ತೆ ಮಡಚಿತು.

"ಹರೀಬೇಡ" ಎಂದರು. "ಕಂಡಿದ್ದು ಸರಿಯಾಗೇ ಬರ್ದಿದೀಯ. ನಾನು ಅಲ್ಲಿರ್ಲಿಲ್ಲ ಕಣಮ್ಮ."

ಮುಂದಿನ ಬೆಂಚಿನ ಪಿಸುಮಾತು ನಿಂತಿತು.

"ಮತ್ತೆ ಕಾರ್ಡಿಗೆ ಹೇಳಿದ್ಯಾರು ಸರ್?"

"ನಾನೇ."

"ಹಾಗಾದ್ರೆ ಟೀಚರ್ ಜಪ ಹೇಳ್ಲೇ ಇಲ್ವಾ?"

"ಗೊತ್ತಿಲ್ಲ. ನರ್ಸನ್ನ ಕೇಳ್ಬಹುದಿತ್ತು. ಕೇಳಕ್ಕೆ ಧೈರ್ಯ ಬರ್ಲಿಲ್ಲ."

ಹುಡುಗಿ ಮೇಷ್ಟ್ರ ಮುಖ ನೋಡಲಿಲ್ಲ, ಪುಟವನ್ನೇ ನೋಡಿದಳು. "ಅಳಿಸ್ಲಾ ಸರ್?"

ಮೇಷ್ಟ್ರು ಕೆಂಪು ಪೆನ್ನು ತೆಗೆದರು. ಎರಡನೆಯ ಕಾಲಮ್ಮಿನ ಸಾಲಿಗೆ ಅಡ್ಡಗೆರೆ ಎಳೆಯಹೋದಾಗ ಗೆರೆ ಸೊಟ್ಟಗಾಯಿತು. ಹುಡುಗಿ ಅಡಿಪಟ್ಟಿಯನ್ನು ಸಾಲಿನ ಕೆಳಗಿಟ್ಟು ಎರಡೂ ಕೈಯಿಂದ ಒತ್ತಿ ಹಿಡಿದಳು. 'ಸರ್ ಕೈ ಹಿಡಿದುಕೊಂಡು' ಎಂಬುದು ಹೋಯಿತು. ಸಾಕ್ಷಿಯೂ ಹೋಯಿತು. 'ಜಪ ಹೇಳುತ್ತಾ' ಎಂಬಲ್ಲಿ ಪೆನ್ನು ನಿಂತಿತು. ಆಮೇಲೆ ಅದನ್ನೂ ಹೊಡೆದುಹಾಕಿತು.

ಗಂಟೆ ಹೊಡೆಯಿತು. ಮಕ್ಕಳು ಚರಿತ್ರೆಯ ನೋಟ್‌ಬುಕ್ಕು ಒಳಗಿಟ್ಟು ಧರ್ಮಬೋಧನೆಯದನ್ನು ಹೊರತೆಗೆದರು. ಪ್ರಾರ್ಥನೆಗೆಂದು ಎಲ್ಲರೂ ಎದ್ದು ನಿಂತು ಕಾಯುತ್ತಿದ್ದರು. ಮೇಷ್ಟ್ರು ಬಗ್ಗಿ ಖಾಲಿಯಿದ್ದ 'ನಂಬಿದ್ದು' ಕಾಲಮ್ಮಿನಲ್ಲಿ, ಆಗತಾನೇ ಅಕ್ಷರ ಕಲಿತವರಂತೆ, ನಿಧಾನವಾಗಿ ಕೊನೆಗೆ ಹೊಡೆದುಹಾಕಿದ ಆ ಎರಡು ಪದಗಳನ್ನು ಬರೆಯುತ್ತಿದ್ದರು. ಹುಡುಗಿ ಅಡಿಪಟ್ಟಿಯನ್ನು ಅಲ್ಲಿಗೆ ಸರಿಸಿದಳು.