ಒಂದು ಬಾಟ್ಲಿ ಬೋರಿನ ನೀರು

"ಇದು ಬ್ಯಾಡ. ಇದೂ ಬ್ಯಾಡ."

ಮಹೇಶಕುಮಾರ ಸಾಮಾನಿನ ಪಟ್ಟಿಯ ಎರಡು ಸಾಲು ಹೊಡೆದುಹಾಕಿದ. ಉಪ್ಪಿನ ಚೀಲ ಹೋಯಿತು, ನೀರು ಸೋಸುವ ಆರ್‌ಓ ಯಂತ್ರವೂ ಹೋಯಿತು. "ಗ್ಲಾಸಿನ ಟ್ಯಾಂಕು ಇರಲಿ. ನೀಲಿ ಲೈಟು ಎರಡು ಹಾಕು. ತೆರಿ ಎಬ್ಬಿಸೋ ಮೋಟಾರು ದೊಡ್ಡದೇ ಇರಲಿ. ಕಲಬುರ್ಗ್ಯಾಗ ನಮ್ಮ ಷಡ್ಡಕನ ಮನ್ಯಾಗ ಅದಲ್ಲ, ಅದರಪ್ಪನಂಗ ಆಗಬೇಕು."

ಅಫಜಲಪುರದ ಬಸ್ ನಿಲ್ದಾಣದ ಎದುರಿನ ಆ ಅಂಗಡಿಯಲ್ಲಿ ತಬಸ್ಸುಮ ಏಳು ವರ್ಷದಿಂದ ಬಣ್ಣದ ಮೀನು ಮಾರುತ್ತಿದ್ದಳು. ಸಮುದ್ರದ ಮೀನು, ಹವಳ ಇಡುವ ಟ್ಯಾಂಕು ಕೇಳಿಕೊಂಡು ಬಂದವರಲ್ಲಿ ಇವನೇ ಮೊದಲಿಗ. ಬೇರೆ ಯಾರಾದರೂ ಆಗಿದ್ದರೆ ಚಹಾ ತರಿಸುತ್ತಿದ್ದಳು.

ಹೋದ ವರ್ಷ ಇದೇ ಮಹೇಶಕುಮಾರ ಹನ್ನೆರಡು ಗೋಲ್ಡ್‌ಫಿಶ್ ಒಯ್ದಿದ್ದ. ಹೊಸ ಟ್ಯಾಂಕಿಗೆ ಅಷ್ಟನ್ನೂ ಒಂದೇ ದಿನ ಬಿಡಬೇಡಿ ಎಂದರೂ ಕೇಳದೆ ಬಿಟ್ಟ. ಮೂರನೇ ದಿನ ಒಂದೂ ಉಳಿಯಲಿಲ್ಲ. ಸತ್ತವನ್ನು ಚೀಲದಲ್ಲಿ ತಂದು ಇದೇ ಕೌಂಟರಿನ ಮೇಲೆ ಸುರುವಿ, ರೋಗದ ಮೀನು ಮಾರುತ್ತಾಳೆ ಎಂದು ರಸ್ತೆಗೆಲ್ಲ ಕೇಳುವಂತೆ ಕೂಗಿದ್ದ. ಆ ಮಾತು ಚೌಡಾಪುರದವರೆಗೂ ಹೋಯಿತು. ಎರಡು ಶಾಲೆಯವರು ಹೇಳಿದ್ದ ಟ್ಯಾಂಕು ಬೇಡವೆಂದರು. ಕಲಬುರಗಿಯ ಅಂಗಡಿಯವರು ಇಷ್ಟು ದೂರ ಬಂದು ಕೂಡಿಸಿಕೊಡಲು ಒಪ್ಪದ ಕಾರಣ ಇವತ್ತು ಮತ್ತೆ ಬಂದಿದ್ದಾನೆ. ಅರ್ಧ ಊರು ಓಡಾಡುವ ಅವನ ಪಡಸಾಲೆಯಲ್ಲಿ ಹವಳ ಬದುಕಿದರೆ ಅಂಗಡಿಯ ಹೆಸರು ಉಳಿಯುತ್ತದೆ. ಸತ್ತರೆ ಬಾಗಿಲು ಎಳೆಯುವುದೇ.

"ಉಪ್ಪು ಇಲ್ಲಂದ್ರ ಸಮುದ್ರ ಎಲ್ಲಿಂದ ಬರ್ತದ್ರಿ, ಸಾಹುಕಾರ್ರೇ?"

"ನಮ್ಮ ಹೊಲದ ಬೋರಿನ ನೀರೇ ಸವುಳ. ಸಾಬಾಣ ನೊರಿ ಬಿಡಂಗಿಲ್ಲ. ದೇವರು ಪುಕ್ಕಟೆ ಕೊಟ್ಟ ಉಪ್ಪಿರುವಾಗ ನಿನ್ನ ಚೀಲ ಯಾಕ ಹೊರಲಿ? ನಿಮ್ಮ ಮಂದಿಗೆ ಗಿರಾಕಿ ಅಂದ್ರ ಹುಚ್ಚರೇನು?"

ಎದುರಿನ ಚಹಾದಂಗಡಿಯಿಂದ ಇಬ್ಬರು ಎದ್ದುಬಂದು ಬಾಗಿಲಲ್ಲಿ ನಿಂತರು. ಹೋದ ವರ್ಷವೂ ಅವರು ಅಲ್ಲೇ ನಿಂತಿದ್ದರು.

"ನೀರು ತಂದೀರೇನ್ರಿ?"

ಮೂಲೆಯ ಸ್ಟೂಲಿನ ಮೇಲೆ ಮಹೇಶಕುಮಾರನ ಹೆಂಡತಿ ಸುನಿತಾ ಮೂರು ತಿಂಗಳ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. ಅವಳ ಚೀಲದಿಂದ ನೀರಿನ ಬಾಟ್ಲಿ ಎಳೆದು ಅವನು ಕೌಂಟರಿನ ಮೇಲೆ ಕುಕ್ಕಿದ. "ಹೊಲದ ನೀರೇ. ಅಳದು ನೋಡು, ಏನು ಅಳೀತಿ."

ತಬಸ್ಸುಮ ಉಪ್ಪು ನೋಡುವ ದುರ್ಬೀನಿನ ಗಾಜಿನ ಮೇಲೆ ಒಂದು ಹನಿ ಬಿಟ್ಟು, ಬೆಳಕಿಗೆ ಹಿಡಿದು ನೋಡಿ, ಅವನ ಕೈಗೇ ಕೊಟ್ಟಳು. "ಸಮುದ್ರದ ಉಪ್ಪು ಮೂವತ್ತೈದು. ನಿಮ್ಮದು ಎಷ್ಟದ, ಓದ್ರಿ. ಜೋರಾಗಿ ಓದ್ರಿ."

ಅವನು ಒಂದು ಕಣ್ಣು ಮುಚ್ಚಿ ನೋಡಿ, ದುರ್ಬೀನನ್ನು ಕೌಂಟರಿನ ಮೇಲೆ ಇಟ್ಟುಬಿಟ್ಟ.

"ಎರಡು," ಎಂದಳು ಬಾಗಿಲಿನ ಕಡೆ ತಿರುಗಿ. ಹೊರಗಿನವರಲ್ಲಿ ಒಬ್ಬ ಮೂಗಿನಲ್ಲಿ ನಕ್ಕ. ಆ ನಗು ಅವಳಿಗೆ ರುಚಿಸಿತು. ಅಲ್ಲಿಗೆ ಬಿಡಬಹುದಿತ್ತು, ಬಿಡಲಿಲ್ಲ.

"ಇನ್ನೊಂದು ಪರೀಕ್ಷೆ ಅದ. ಮಂದಿನೂ ನೋಡಲಿ."

ಬಾಟ್ಲಿಯಿಂದ ಗಾಜಿನ ಶೀಶೆಗೆ ಐದು ಮಿಲಿ ನೀರು ಹಾಕಿದಳು. ಮೊದಲ ಔಷಧ ಹತ್ತು ಹನಿ, ಎರಡನೆಯದು ಹತ್ತು ಹನಿ. ಒಂದು ನಿಮಿಷ ಅಲುಗಿಸಿ ಕೌಂಟರಿನ ಮೇಲೆ ನಿಲ್ಲಿಸಿದಳು. ಐದು ನಿಮಿಷ ಕಾಯಬೇಕು. ಹಳದಿ ನೀರು ಕಿತ್ತಳೆಯಾಯಿತು, ಕಿತ್ತಳೆ ಕೆಂಪಾಯಿತು. ಬಣ್ಣದ ಪಟ್ಟಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಎಂದು ತೋರಿಸುವ ಕೊನೆಯ ಚೌಕದ ಪಕ್ಕ ಹಿಡಿದರೆ ಎರಡೂ ಒಂದೇ.

"ನೈಟ್ರೇಟ್ ನೋಡ್ರಿ. ಹೊಲಕ್ಕ ಹಾಕಿದ ಗೊಬ್ಬರ ಬೋರಿಗೆ ಇಳದದ. ಇದರಾಗ ಹವಳ..."

ಮಾತು ಅಲ್ಲೇ ನಿಂತಿತು. ಕೂಸು ಅಳತೊಡಗಿತ್ತು. ಸುನಿತಾ ಎದ್ದುಬಂದು ಕೌಂಟರಿನ ಮೇಲಿನ ಅದೇ ಬಾಟ್ಲಿಯಿಂದ ಹಾಲಿನ ಶೀಶೆಗೆ ನೀರು ಹಾಕಿ, ಪುಡಿ ಕಲಸಿ, ನಿಪ್ಪಲ್ ತಿರುಗಿಸುತ್ತಿದ್ದಳು.

ಮೀನು ಕೊಂದದ್ದು ರೋಗವಲ್ಲ, ಇವನೇ ಎಂದು ಬಾಗಿಲಿನವರಿಗೆ ಕೇಳಿಸಲು ಒಂದು ವರ್ಷದಿಂದ ಇಟ್ಟುಕೊಂಡ ಮಾತು ತಬಸ್ಸುಮಳ ನಾಲಿಗೆಯ ತುದಿಯಲ್ಲಿತ್ತು. ಅದನ್ನು ನುಂಗಿ, ದನಿ ತಗ್ಗಿಸಿದಳು.

"ತಂಗೀ, ಆ ಹಾಲು ಕುಡಸಬ್ಯಾಡವಾ."

"ಕುದಿಸಿ ಆರಿಸಿದ ನೀರು ಅಕ್ಕಾ."

"ಕುದಿಸಿದ್ರ ಇದು ಹೋಗಂಗಿಲ್ಲ. ನೀರು ಕಡಿಮಿ ಆಗಿ ಇನ್ನಷ್ಟು ಗಟ್ಟಿ ಆಗ್ತದ. ದೊಡ್ಡವರು ತಡಕೋತಾರ, ಹಸಗೂಸಿನ ರಕ್ತ ತಡಕೊಳ್ಳಂಗಿಲ್ಲ. ತುಟಿ, ಉಗುರು ನೀಲಿ ಆಗ್ತಾವ. ನನ್ನ ಮಾತು ಬಿಡ್ರಿ, ಲ್ಯಾಬಿಗೆ ಒಯ್ದು ತೋರಸ್ರಿ. ಅಲ್ಲೀತನಕ ಕ್ಯಾನಿನ ನೀರು ಹಾಕ್ರಿ."

ಮಹೇಶಕುಮಾರ ಪಟ್ಟಿಯನ್ನು ಹರಿದು ಎಸೆದ. "ಮೀನಿನ ಶೀಶೆದಾಗ ನಮ್ಮ ಮನೀ ನೀರು ಅಳಿಯಾಕ ನೀ ಯಾರು? ಹೋದ ವರ್ಷದ ಸೇಡು ಕೂಸಿನ ಮ್ಯಾಲ ತೀರಸಾಕತ್ತೀ ಏನು? ಇಪ್ಪತ್ತೈದು ವರ್ಷ ಇದೇ ನೀರು ಕುಡದಾನ ನಮ್ಮಪ್ಪ. ನಡಿ ಬೇ ಸುನಿತಾ!"

ನಿಂತವರನ್ನು ನೂಕಿಕೊಂಡು ಹೊರಗೆ ಹೋದ. ಕಾರಿನ ಬಾಗಿಲು ಬಡಿದ ಸದ್ದಾಯಿತು.

ಸುನಿತಾ ಕೂಸಿನ ಮುಷ್ಟಿ ಬಿಡಿಸಿ, ಬೆರಳುಗಳನ್ನು ಒಂದೊಂದಾಗಿ ಟ್ಯೂಬ್‌ಲೈಟಿನ ಬೆಳಕಿಗೆ ಹಿಡಿದು ಉಗುರು ನೋಡಿದಳು. ಐದೂ ನೋಡಿದ ಮೇಲೆ ಇನ್ನೊಂದು ಕೈ ಬಿಡಿಸಿದಳು. ಆಮೇಲೆ ಬಾಗಿಲಿಗೆ ಹೋಗಿ ಹಾಲಿನ ಶೀಶೆಯನ್ನು ಮೆಟ್ಟಿಲ ಮೇಲೆ ಬೋರಲು ಹಾಕಿದಳು. ಬಿಳಿ ಗೆರೆ ಧೂಳಿನಲ್ಲಿ ಹರಿದುಬಂತು. ನಿಂತಿದ್ದ ಇಬ್ಬರೂ ಕಾಲು ಹಿಂದೆ ತೆಗೆದರು.

ಹಾರನ್ ಎರಡು ಸಲ ಕೂಗಿತು. ಸುನಿತಾ ಖಾಲಿ ಶೀಶೆಯನ್ನು ಕೌಂಟರಿನ ಮೇಲೆ, ಕೆಂಪು ನೀರಿನ ಪಕ್ಕ ಇಟ್ಟು, ಹೋಗಿ ಸ್ಟೂಲಿನ ಮೇಲೆ ಕೂತಳು.